ತಲೆಗೆ ಪೆಟ್ಟು ಬಿದ್ದವರ ಪುನಶ್ಚೇತನ ವಾರ್ಡಿನಲ್ಲೇ ಆರಂಭವಾಗಲಿ

ರಸ್ತೆ ಅಪಘಾತದಲ್ಲಿ ತಲೆಗೆ ಪೆಟ್ಟು ಬಿದ್ದವರನ್ನು ಹೊಸೂರು ರಸ್ತೆಯ ನಿಮ್ಹಾನ್ಸ್‌ಗೋ ಬೆಂಗಳೂರಿನ ಬೇರಾವುದೋ ಆಸ್ಪತ್ರೆಗೋ ಸೇರಿಸಿದ ಮನೆಯವರು, ಫಿಸಿಯೋಥೆರಪಿ ಮುಂತಾದುವೆಲ್ಲ ಡಿಸ್ಚಾರ್ಜ್ ಆದ ಮೇಲಿನ ಮಾತು ಎಂದುಕೊಳ್ಳುವುದುಂಟು. ಅಷ್ಟು ಕಾಯಬಾರದು. ರೋಗಿಯ ಸ್ಥಿತಿ ಸ್ಥಿರವಾಗಿದೆಯೆಂದು ವೈದ್ಯರು ಹೇಳಿದ ದಿನವೇ ಅದನ್ನು ಕೇಳಬೇಕು.

ಪೆಟ್ಟಿನಿಂದಾದ ಹಾನಿಯ ಬೆನ್ನಿಗೇ, ಆಮ್ಲಜನಕ ಅಥವಾ ರಕ್ತದೊತ್ತಡ ಕುಸಿದು, ಮಿದುಳು ಊದಿಕೊಂಡು ಎರಡನೆಯ ಹಾನಿಯಾಗಬಹುದು. ಚಿಕಿತ್ಸೆ ಬಹುಪಾಲು ಹೋರಾಡುವುದು ಇದರೊಂದಿಗೆ. ಪ್ರಜ್ಞೆಯ ಮಟ್ಟವನ್ನು ಅಳೆಯುವ ಗ್ಲಾಸ್ಗೋ ಕೋಮಾ ಸ್ಕೇಲ್‌ನಲ್ಲಿ 3ರಿಂದ 15ರವರೆಗೆ ಅಂಕಗಳಿದ್ದು, 8 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಗಾಯ ತೀವ್ರವೆಂದರ್ಥ. ದಾಖಲಾದಾಗಿನ ಅಂಕವನ್ನು ಕೇಳಿ ಬರೆದಿಟ್ಟುಕೊಳ್ಳಿ. ಮಾತನಾಡುತ್ತಿದ್ದವರು ತೊದಲತೊಡಗಿದರೆ, ಎಬ್ಬಿಸಿದರೂ ಏಳದಿದ್ದರೆ, ಪದೇ ಪದೇ ವಾಂತಿಯಾದರೆ ರೌಂಡ್ಸ್‌ಗೆ ಕಾಯದೆ ಕೂಡಲೇ ಸಿಸ್ಟರ್‌ಗೆ ತಿಳಿಸಿ.

ಹೆಚ್ಚಿನ ಎಚ್ಚರ ಬೇಕಾದದ್ದು ಊಟದ ವಿಷಯದಲ್ಲಿ. ನೋಡಲು ಬಂದ ನೆಂಟರು ಪ್ರೀತಿಯಿಂದ ಬಾಯಿಗೆ ಹಾಕುವ ಒಂದು ಗುಟುಕು ಎಳನೀರು ಕೂಡ, ನುಂಗುವ ಶಕ್ತಿ ಮರಳದ ರೋಗಿಯ ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ತರಬಹುದು; ಎಷ್ಟೋ ಬಾರಿ ಕೆಮ್ಮು ಸಹ ಬರುವುದಿಲ್ಲ. ನುಂಗುವಿಕೆಯನ್ನು ಪರೀಕ್ಷಿಸಿ ಒಪ್ಪಿಗೆ ಕೊಡುವವರೆಗೆ ಮೂಗಿನ ಟ್ಯೂಬಿನ ಆಹಾರವೇ ಸಾಕು. ಒಪ್ಪಿಗೆ ಸಿಕ್ಕ ಮೇಲೂ ನೇರವಾಗಿ ಕೂರಿಸಿ, ತೆಳು ನೀರಿಗಿಂತ ಮಂದವಾದ ಗಂಜಿಯೇ ಸೂಕ್ತವೇ ಎಂದು ವಿಚಾರಿಸಿ, ಚಿಕ್ಕ ಚಮಚದಲ್ಲಿ ತಿನ್ನಿಸಿ.

ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕಾಗುತ್ತದೆ. ಇಲ್ಲದಿದ್ದರೆ ಹಿಮ್ಮಡಿ ಮತ್ತು ಸೊಂಟದ ಹಿಂಭಾಗದಲ್ಲಿ ಹುಣ್ಣಾಗುತ್ತದೆ. ಕತ್ತು ಅಥವಾ ಬೆನ್ನುಮೂಳೆಗೆ ಪೆಟ್ಟಾಗಿಲ್ಲವೆಂದು ಖಚಿತವಾಗುವವರೆಗೆ ಮಾತ್ರ ನೀವಾಗಿ ಹೊರಳಿಸಬೇಡಿ. ಕೀಲುಗಳು ಬಿಗಿದುಕೊಳ್ಳದಂತೆ ಕೈಕಾಲು ಆಡಿಸುವ ಕ್ರಮವನ್ನು ಫಿಸಿಯೋಥೆರಪಿಸ್ಟ್ ಎದುರಿನಲ್ಲೇ ಮಾಡಿ ಕಲಿತುಕೊಳ್ಳಿ. ಬಲಹೀನವಾದ ತೋಳನ್ನು ಹಿಡಿದೆಳೆದು ಎಬ್ಬಿಸಿದರೆ ಭುಜದ ಕೀಲು ಸರಿಯುವ ಅಪಾಯವಿದೆ.

ಪ್ರಜ್ಞೆ ಮರಳುವಾಗ ರೋಗಿ ಕಿರುಚುವುದು, ಬೈಯುವುದು, ಟ್ಯೂಬ್ ಕೀಳುವುದು ಗಾಯದ ಲಕ್ಷಣವೇ ಹೊರತು ಸ್ವಭಾವವಲ್ಲ. ಆಗ “ನಾನು ಯಾರು, ಹೇಳು ನೋಡೋಣ” ಎಂದು ಬಂದವರೆಲ್ಲ ಪರೀಕ್ಷೆ ಮಾಡುವುದು ನನ್ನ ದೃಷ್ಟಿಯಲ್ಲಿ ಹಿಂಸೆಯೇ ಸರಿ. ಅದರ ಬದಲು ಒಬ್ಬರೇ ಹತ್ತಿರ ಕುಳಿತು, “ಅಣ್ಣಾ, ನಾನು ನಿನ್ನ ತಂಗಿ, ಇದು ಆಸ್ಪತ್ರೆ, ಇವತ್ತು ಮಂಗಳವಾರ” ಎಂದು ನಿಧಾನವಾಗಿ ತಾವೇ ಹೇಳಲಿ.

ಮನೆಗೆ ಹೊರಡುವ ಮುನ್ನ ಫಿಟ್ಸ್ ಮಾತ್ರೆ ಇದ್ದರೆ ಎಷ್ಟು ದಿನ, ಮಾತಿನ ಚಿಕಿತ್ಸೆ ಎಲ್ಲಿ, ಗಾಡಿ ಓಡಿಸುವುದು ಯಾವಾಗ ಎಂಬುದನ್ನು ಡಿಸ್ಚಾರ್ಜ್ ಚೀಟಿಯಲ್ಲೇ ಬರೆಸಿಕೊಳ್ಳಿ. ನಿಮ್ಹಾನ್ಸ್‌ನಲ್ಲಿ ನರರೋಗ ಪುನಶ್ಚೇತನಕ್ಕೆಂದೇ ಪ್ರತ್ಯೇಕ ವಿಭಾಗವಿದೆ. ಬೇರೆ ಆಸ್ಪತ್ರೆಯಿಂದ ಅಲ್ಲಿಗೆ ಹೋಗುವುದಾದರೆ ಶಿಫಾರಸು ಪತ್ರವನ್ನೂ ಸ್ಕ್ಯಾನ್ ಫಿಲ್ಮುಗಳನ್ನೂ ಮೊದಲೇ ಪಡೆದಿಟ್ಟುಕೊಳ್ಳಿ.