ಕಂಟ್ರೋಲ್ ವೆಲ್‌ನಲ್ಲೂ ಬಲೆ ಹೆಣೆದಿತ್ತು

ರಕ್ತನಾಳ ಸಿಗದೆ ಹೋದರೆ ಕ್ಯಾನ್ಸರ್ ಗಡ್ಡೆ ಒಂದೆರಡು ಮಿಲಿಮೀಟರ್‌ಗಿಂತ ದೊಡ್ಡದಾಗುವುದು ಕಷ್ಟ. 1971ರಲ್ಲಿ ಅಮೆರಿಕದ ವೈದ್ಯ ಜೂಡಾ ಫೋಕ್‌ಮನ್ ಹೀಗೆಂದಾಗ ನಂಬಿದವರು ಕಡಿಮೆ. ನಾನು ಲ್ಯಾಬ್ ಸೇರುವ ಹೊತ್ತಿಗೆ ಅದು ಪಾಠದಲ್ಲೇ ಬರುತ್ತಿತ್ತು. ನನಗೆ ಸಿಕ್ಕ ಪ್ರಶ್ನೆ ಚಿಕ್ಕದು: ಆಮ್ಲಜನಕ ಸಾಲದ ಕ್ಯಾನ್ಸರ್ ಕೋಶಗಳು ನಾಳ ಕಟ್ಟಿಸಲು ಯಾವ ಸಂದೇಶ ಕಳಿಸುತ್ತವೆ, ಅದರಲ್ಲಿ ವಿಇಜಿಎಫ್ ಎಂಬ ಪ್ರೋಟೀನ್‌ನ ಪಾಲೆಷ್ಟು?

ಕ್ಯಾನ್ಸರ್ ಕೋಶಗಳನ್ನು 24 ಗಂಟೆ ಶೇ. 1 ಆಮ್ಲಜನಕದಲ್ಲಿಟ್ಟೆ. ಕೋಶದೊಳಗೆ ಎಚ್‌ಐಎಫ್-1 ಆಲ್ಫಾ ಎಂಬ ಪ್ರೋಟೀನ್ ಇದೆ, ಮಾಮೂಲಿ ಗಾಳಿಯಲ್ಲಿ ಅದು ಹುಟ್ಟಿದ ಕೆಲವೇ ನಿಮಿಷಗಳಲ್ಲಿ ನಾಶವಾಗುತ್ತದೆ. ಆಮ್ಲಜನಕ ಇಳಿದರೆ ಉಳಿದುಕೊಂಡು ವಿಇಜಿಎಫ್ ಜೀನನ್ನು ಎಬ್ಬಿಸುತ್ತದೆ. ಆ ಕೋಶಗಳು ಬೆಳೆದ ಪೋಷಕ ದ್ರವ, ಅಂದರೆ ಮೀಡಿಯಂ ತೆಗೆದು, ಹೊಕ್ಕುಳಬಳ್ಳಿಯ ನಾಳದಿಂದ ಬಂದ ಎಂಡೋಥೀಲಿಯಲ್ ಕೋಶಗಳಿಗೆ (ರಕ್ತನಾಳದ ಒಳಗೋಡೆಯ ಕೋಶಗಳು) ಕೊಡಬೇಕು. ಮ್ಯಾಟ್ರಿಜೆಲ್ ಎಂಬ ಪ್ರೋಟೀನ್ ಜೆಲ್ಲಿನ ಹಾಸಿನ ಮೇಲೆ ಬಿಟ್ಟರೆ ಅವು ನಾಲ್ಕರಿಂದ ಆರು ಗಂಟೆಯಲ್ಲಿ ಕೈ ಚಾಚಿ, ಒಂದನ್ನೊಂದು ಹಿಡಿದು, ಬಲೆ ಹೆಣೆಯುತ್ತವೆ.

ಮೊದಲ ಸಲ ಚೆಂದದ ಬಲೆ ಬಂತು. ಹೋಲಿಕೆಗೆಂದು ಏನೂ ಸೇರಿಸದೆ ಬಿಟ್ಟ ಕಂಟ್ರೋಲ್ ವೆಲ್‌ನಲ್ಲೂ (ವೆಲ್ ಅಂದರೆ ಪ್ಲೇಟ್‌ನ ಚಿಕ್ಕ ಗುಳಿ) ಅಷ್ಟೇ ಚೆಂದದ್ದು! ಎರಡು ವಾರ ಕೋಶಗಳನ್ನೇ ಬೈದೆ. ಹೊಸ ಪಾತ್ರೆಗೆ ಬದಲಿಸಿ ಬೆಳೆಸಿದ್ದು (ಪ್ಯಾಸೇಜ್) ಜಾಸ್ತಿಯಾಗಿದೆ ಅಂತ ಕೋಶಗಳ ಹೊಸ ವಯಲ್ ತೆಗೆದೆ, ಮೀಡಿಯಂಗೆ ಹಾಕುವ ಸೀರಂ ಇಳಿಸಿದೆ. ತಪ್ಪು ನನ್ನದೇ, ಅದೂ ಜೆಲ್ ಬಾಟಲಿಯಲ್ಲಿ. ಮ್ಯಾಟ್ರಿಜೆಲ್ ತೆಗೆಯುವುದೇ ಇಲಿಯ ಗಡ್ಡೆಯಿಂದ, ಹಾಗಾಗಿ ಅದರಲ್ಲಿ ಕೋಶಗಳನ್ನು ಬೆಳೆಯಲು ಹುರಿದುಂಬಿಸುವ ಪ್ರೋಟೀನ್‌ಗಳು, ಅಂದರೆ ಗ್ರೋತ್ ಫ್ಯಾಕ್ಟರ್‌ಗಳು, ಮೊದಲೇ ಇರುತ್ತವೆ. ಹೊಟ್ಟೆ ತುಂಬ ಉಂಡು ಬಂದವರಿಗೆ ಬಡಿಸಿ, ಅಡುಗೆ ಹೇಗಿದೆ ಅಂತ ಕೇಳಿದ ಹಾಗಾಗಿತ್ತು. ಗ್ರೋತ್ ಫ್ಯಾಕ್ಟರ್ ಕಡಿಮೆ ಮಾಡಿದ ಜೆಲ್ ತರಿಸಿದ ಮೇಲೆ ಕಂಟ್ರೋಲ್ ಸುಮ್ಮನಾಯಿತು.

ಜೆಲ್‌ನ ನಖರಾ ಬೇರೆ. ರಾತ್ರಿಯಿಡೀ ಫ್ರಿಜ್‌ನಲ್ಲಿ, ಐಸ್ ಮೇಲಿಟ್ಟು ಕರಗಿಸಬೇಕು. ಟಿಪ್, ಪ್ಲೇಟ್ ಎಲ್ಲ ತಣ್ಣಗಿರಬೇಕು. ಬಿಸಿ ಟಿಪ್ ಮುಟ್ಟಿದರೆ ಅಲ್ಲೇ ಹೆಪ್ಪುಗಟ್ಟುತ್ತದೆ. 96 ವೆಲ್ ಪ್ಲೇಟ್‌ಗೆ ತಲಾ 50 ಮೈಕ್ರೋಲೀಟರ್ ಹಾಕುತ್ತೇನೆ. ಜೆಲ್ ಮಧ್ಯದಲ್ಲಿ ತಗ್ಗಾಗಿ ಕೂತರೆ ಕೋಶಗಳೆಲ್ಲ ಅಲ್ಲಿಗೇ ಜಾರುತ್ತವೆ. ಗುಳ್ಳೆ ಎದ್ದ ವೆಲ್ ಬಿಟ್ಟುಬಿಡಿ, ಸುಮ್ನೆ ಎಣಿಸಬೇಡಿ.

ಇನ್ನೊಂದು ಮಾತು. ಬಳಸಿದ ಮೀಡಿಯಂನಲ್ಲಿ ಗ್ಲೂಕೋಸ್ ಕಡಿಮೆ, ಲ್ಯಾಕ್ಟೇಟ್ ಜಾಸ್ತಿ. ಅದಕ್ಕೇ ಅರ್ಧಕ್ಕರ್ಧ ಹೊಸ ಮೀಡಿಯಂ ಬೆರೆಸುತ್ತೇನೆ. ಮಾಮೂಲಿ ಆಮ್ಲಜನಕದಲ್ಲಿ ಬೆಳೆದ ಅದೇ ಕೋಶಗಳ ಮೀಡಿಯಂ ಕೂಡ ಪಕ್ಕದಲ್ಲಿರಬೇಕು. ಚಿತ್ರ ಆರನೇ ಗಂಟೆಗೆ ತೆಗೆಯುತ್ತೇನೆ, ಮರುದಿನಕ್ಕೆ ಬಿಟ್ಟರೆ ಬಲೆ ಹರಿದಿರುತ್ತದೆ. ಯಾವುದು ಯಾವ ವೆಲ್ ಎಂದು ಗೊತ್ತಿಲ್ಲದವರಿಂದಲೇ ಬಲೆಯ ಕವಲುಗಳ ಎಣಿಕೆ ಮಾಡಿಸಿದೆ. ನನ್ನ ಕಣ್ಣಿಗೆ ಬೇಕಾದದ್ದೇ ಕಾಣುತ್ತಿತ್ತು.

ಆಮ್ಲಜನಕ ಸಾಲದ ಕೋಶಗಳ ಮೀಡಿಯಂ ಕೊಟ್ಟ ಕಡೆ ಕವಲು ಹೆಚ್ಚಿತು. ವಿಇಜಿಎಫ್ ಹಿಡಿದಿಡುವ ಆಂಟಿಬಾಡಿ ಹಾಕಿದಾಗ ಇಳಿಯಿತು, ಆದರೆ ಕಂಟ್ರೋಲ್ ಮಟ್ಟಕ್ಕಲ್ಲ. ಎಫ್‌ಜಿಎಫ್-2, ಐಎಲ್-8 ತರಹದ ಬೇರೆ ಪ್ರೋಟೀನ್‌ಗಳೂ ನಾಳ ಕಟ್ಟಿಸುತ್ತವೆ ಅಲ್ವಾ. 2004ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ, ವಿಇಜಿಎಫ್ ತಡೆಯುವ ಬೆವಾಸಿಝುಮ್ಯಾಬ್ ಮದ್ದಿಗೂ ಇದೇ ತೊಡಕು: ಒಂದು ದಾರಿ ಮುಚ್ಚಿದರೆ ಗಡ್ಡೆ ಇನ್ನೊಂದು ಹುಡುಕಿಕೊಳ್ಳುತ್ತದೆ.

ಕ್ಯಾನ್ಸರ್ ಹರಡುವ ಕಥೆ ನನಗೆ ಕಂಡದ್ದು ಬೇರೆ ಪ್ಲೇಟ್‌ನಲ್ಲಿ. ಎಂಡೋಥೀಲಿಯಲ್ ಕೋಶಗಳನ್ನು ಒತ್ತೊತ್ತಾಗಿ ಬೆಳೆಸಿ, ಅಂಚಿನಲ್ಲಿ ಕೋಶಗಳನ್ನು ಒಂದಕ್ಕೊಂದು ಅಂಟಿಸುವ ವಿಇ-ಕ್ಯಾಡ್‌ಹೆರಿನ್ ಪ್ರೋಟೀನ್‌ಗೆ ಬಣ್ಣ ಕಟ್ಟಿದರೆ ಜೇನುಗೂಡಿನಂತೆ ಗೆರೆ ಮೂಡುತ್ತದೆ. ವಿಇಜಿಎಫ್ ಹಾಕಿದ ಮೇಲೆ ಗೆರೆ ಅಲ್ಲಲ್ಲಿ ತುಂಡಾಯಿತು, ನಡುವೆ ಕಪ್ಪು ಕಿಂಡಿಗಳು. 1983ರಲ್ಲಿ ಈ ಪ್ರೋಟೀನ್‌ಗೆ ಇಟ್ಟ ಮೊದಲ ಹೆಸರೇ ನಾಳವನ್ನು ಸೋರಿಸುವ ಅಂಶ ಎಂದು. ಗಡ್ಡೆಯ ಕೋಶ ರಕ್ತಕ್ಕಿಳಿಯಲು ಇಂಥ ಕಿಂಡಿ ಅನುಕೂಲ.

ಈಗ ನಾಳವನ್ನು ಹೊರಗಿನಿಂದ ತಬ್ಬಿ ಹಿಡಿಯುವ ಪೆರಿಸೈಟ್ ಕೋಶಗಳನ್ನೂ ಜೊತೆಗೆ ಬೆಳೆಸಿ, ಕಿಂಡಿಗಳು ಮುಚ್ಚುತ್ತವಾ ಅಂತ ನೋಡುತ್ತಿದ್ದೇನೆ. ಜೆಲ್ ಬಾಟಲಿಯ ಲೇಬಲ್ ಮೊದಲೇ ಓದಿಕೊಂಡೆ.