ಸ್ಪಿತಿಗೆ ಬೈಕಿನಲ್ಲಿ: ಕಿಲೋಮೀಟರ್ ಬಿಟ್ಟು ಎತ್ತರ ಲೆಕ್ಕ ಹಾಕಿದ್ದು

ಹಿಮಾಚಲ ಪ್ರದೇಶದ ಎತ್ತರದ ಕಣಿವೆ ಸ್ಪಿತಿಗೆ ಹೋಗಬೇಕು ಅನ್ನುವವರು ಮೊದಲು ಕೇಳುವುದು ಒಂದೇ ಪ್ರಶ್ನೆ. ಮನಾಲಿಯಿಂದ ಅಲ್ಲಿನ ಮುಖ್ಯ ಊರು ಕಾಜಾಗೆ ಎಷ್ಟು ಕಿಲೋಮೀಟರ್? ಸುಮಾರು 200 ಅಂದರೆ ಸಾಕು, ಒಂದೇ ದಿನದ ದಾರಿ ಅಲ್ವಾ ಅಂತ ಖುಷಿಪಡುತ್ತಾರೆ. ಒಂದು ದಿನದಲ್ಲಿ ತಲುಪಬಹುದು, ಸುಳ್ಳಲ್ಲ. ಆದರೆ ಮನಾಲಿ ಇರುವುದು ಸುಮಾರು 2,000 ಮೀಟರ್ ಎತ್ತರದಲ್ಲಿ. ನಡುವೆ ದಾಟಬೇಕಾದ ಕುಂಜುಮ್ ಪಾಸ್ ಸುಮಾರು 4,550 ಮೀಟರ್. ಮಲಗುವ ಕಾಜಾ ಸುಮಾರು 3,650 ಮೀಟರ್. ಒಂದೇ ಹಗಲಿನಲ್ಲಿ ಇಷ್ಟು ಮೇಲೆ ಹೋದರೆ ಬೈಕ್ ತಡೆಯುತ್ತದೆ, ಮೈ ತಡೆಯುವುದಿಲ್ಲ.

ಅದಕ್ಕೇ ನಾನು ಈ ದಾರಿಯನ್ನು ಉಲ್ಟಾ ಮಾಡಿದೆ. ಶಿಮ್ಲಾದಿಂದ ಹೊರಟು, ಕಿನ್ನೌರ್ ಮೂಲಕ ನಿಧಾನಕ್ಕೆ ಏರಿ, ಸ್ಪಿತಿಯಲ್ಲಿ ಆರಾಮಾಗಿ ಸುತ್ತಾಡಿ, ಕೊನೆಗೆ ಕುಂಜುಮ್ ದಾಟಿ ಮನಾಲಿಗೆ ಇಳಿದೆ. ಶಿಮ್ಲಾ ಕಡೆಯಿಂದ ಕಾಜಾ 400 ಕಿಲೋಮೀಟರಿಗಿಂತ ಜಾಸ್ತಿ. ದೂರ ಎರಡರಷ್ಟು, ದಿನಗಳೂ ಜಾಸ್ತಿ. ಆದರೂ ಮೊದಲ ಸಲ ಹೋಗುವ ಯಾರಿಗೇ ಆದರೂ ನಾನು ಇದೇ ದಾರಿ ಹೇಳುತ್ತೇನೆ. ಬೈಕ್ ಇರಲಿ, ಬೆನ್ನಿಗೊಂದು ಬ್ಯಾಗ್ ಹಾಕಿಕೊಂಡು ಬಸ್ಸಿನಲ್ಲೇ ಹೋಗಲಿ.

ನನ್ನ ಪ್ಲಾನ್ ಕಾಗದದಲ್ಲಿ ಊರಿನ ಹೆಸರಿನ ಮುಂದೆ ದೂರ ಬರೆದಿರಲಿಲ್ಲ. ರಾತ್ರಿ ಮಲಗುವ ಎತ್ತರ ಬರೆದಿದ್ದೆ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಿಸಬಾರದು, ಮೂರ್ನಾಲ್ಕು ದಿನಕ್ಕೊಮ್ಮೆ ಒಂದು ದಿನ ಏರದೆ ಇರಬೇಕು ಅನ್ನುವುದು ಎತ್ತರದ ಕಾಯಿಲೆ ಬಗ್ಗೆ ವೈದ್ಯರು ಹೇಳುವ ಮಾತು. ಹಗಲು ಎಷ್ಟು ಮೇಲೆ ಹೋಗಿ ಬಂದರೂ ಪರವಾಗಿಲ್ಲ, ರಾತ್ರಿ ಕೆಳಗೆ ಮಲಗಬೇಕು. ಈ ಒಂದು ನಿಯಮ ಇಟ್ಟುಕೊಂಡರೆ ನಕ್ಷೆ ತಾನಾಗಿಯೇ ಬಿಡಿಸಿಕೊಳ್ಳುತ್ತದೆ. ಮೊದಲು ನಾರ್ಕಂಡಾ, ಸುಮಾರು 2,700 ಮೀಟರ್. ಆಮೇಲೆ ಕಲ್ಪಾ, ಸುಮಾರು 2,900. ಅಲ್ಲಿ ಎರಡು ರಾತ್ರಿ. ಮುಂದೆ ನಾಕೋ ಸುಮಾರು 3,600 ಮೀಟರ್, ಒಂದೇ ದಿನಕ್ಕೆ ಅದು ಜಾಸ್ತಿ ಆಯಿತು. ಹಾಗಾಗಿ ನಾಕೋದಲ್ಲಿ ಮಧ್ಯಾಹ್ನ ಊಟ ಮಾಡಿ, ಕೆರೆ ಸುತ್ತು ಹಾಕಿ, ತಾಬೋಗೆ ಹೋಗಿ ಮಲಗಿದೆ. ತಾಬೋ 3,280 ಮೀಟರ್. ಅಲ್ಲಿಂದ ಕಾಜಾ.

ಬೈಕನ್ನು ರೈಲಿನಲ್ಲಿ ಪಾರ್ಸೆಲ್ ಮಾಡಿ ಚಂಡೀಗಢಕ್ಕೆ ತರಿಸಿಕೊಂಡಿದ್ದೆ. ಟ್ಯಾಂಕ್ ಪೂರ್ತಿ ಖಾಲಿ ಮಾಡಬೇಕು, ಆರ್‌ಸಿ ಮತ್ತು ಗುರುತಿನ ಚೀಟಿಯ ಪ್ರತಿ ಕೊಡಬೇಕು. ಕನ್ನಡಿಗಳನ್ನು ಬಿಚ್ಚಿ ಬ್ಯಾಗಿಗೆ ಹಾಕಿಕೊಳ್ಳಿ. ಟ್ಯಾಂಕಿಗೆ ಗೋಣಿಯನ್ನು ಎರಡು ಸುತ್ತು ಸುತ್ತಿಸಿ. ಪಾರ್ಸೆಲ್ ಬಗ್ಗೆ ಇಷ್ಟು ಸಾಕು.

ನಾರ್ಕಂಡಾ ದಾಟಿ ಇಳಿದರೆ ಸಟ್ಲೆಜ್ ನದಿ ಸಿಗುತ್ತದೆ. ಅಲ್ಲಿಂದ ಖಾಬ್ ತನಕ ಅದೇ ನಿಮ್ಮ ಜೊತೆ. ಇದು ಹಳೆಯ ಹಿಂದೂಸ್ತಾನ್-ಟಿಬೆಟ್ ರಸ್ತೆ. ಬ್ರಿಟಿಷ್ ಗವರ್ನರ್ ಜನರಲ್ ಡಾಲ್‌ಹೌಸಿಯ ಕಾಲದಲ್ಲಿ, 1850ರಲ್ಲಿ ಕೆಲಸ ಶುರುವಾದದ್ದು. ತರಂಡಾ ಹತ್ತಿರ ಬಂಡೆಯನ್ನೇ ಕೊರೆದು ರಸ್ತೆ ಮಾಡಿದ್ದಾರೆ. ತಲೆಯ ಮೇಲೆ ಕಲ್ಲಿನ ಚಾವಣಿ, ಪಕ್ಕದಲ್ಲಿ ಪಾತಾಳ. ಫೋಟೊಗೆ ಎಲ್ಲರೂ ಅಲ್ಲೇ ನಿಲ್ಲಿಸುತ್ತಾರೆ. ಬಂಡೆಯ ಕೆಳಗೆ ನಿಲ್ಲಬೇಡಿ ಅಂತ ಕೈ ಮುಗಿದು ಕೇಳುತ್ತೇನೆ. ಈ ಬೆಟ್ಟಗಳು ಗಟ್ಟಿ ಇಲ್ಲ. 2021ರ ಆಗಸ್ಟ್‌ನಲ್ಲಿ ಇದೇ ಕಿನ್ನೌರ್‌ನ ನಿಗುಲ್ಸರಿಯಲ್ಲಿ ಗುಡ್ಡ ಜರಿದು ಬಸ್ಸು, ಕಾರುಗಳು ಮಣ್ಣಿನಡಿ ಹೋದವು. ತುಂಬಾ ಜನ ಸತ್ತರು. ಕಲ್ಲು ಬೀಳುವ ಜಾಗ ಅಂತ ಬೋರ್ಡ್ ಇದ್ದಲ್ಲಿ ನಾನು ಹೆಲ್ಮೆಟ್ ಗಾಜು ಮೇಲೆತ್ತಿ, ಒಮ್ಮೆ ಮೇಲೆ ನೋಡಿ, ನಿಲ್ಲಿಸದೆ ದಾಟಿದೆ. ಅಂಥ ಕಡೆ ಬೆಳಗ್ಗೆಯೇ ದಾಟಿದರೆ ಒಳ್ಳೆಯದು. ಮಧ್ಯಾಹ್ನ ಗಾಳಿ ಎದ್ದ ಮೇಲೆ ಸಡಿಲ ಕಲ್ಲುಗಳು ಉರುಳುವುದು ಜಾಸ್ತಿ.

ಇನ್ನೊಂದು ವಿಷಯ. ಇಕ್ಕಟ್ಟಾದ ಬೆಟ್ಟದ ರಸ್ತೆಯಲ್ಲಿ ಏರುವ ಗಾಡಿಗೆ ಮೊದಲ ಹಕ್ಕು. ಇದು ಸುಮ್ನೆ ಮರ್ಯಾದೆಗೆ ಹೇಳುವ ಮಾತಲ್ಲ, ಕಾನೂನೇ ಇದೆ. ಇಳಿಯುವವರು ಪಕ್ಕಕ್ಕೆ ನಿಂತು ದಾರಿ ಬಿಡಬೇಕು. ಹಿಮಾಚಲದ ಬಸ್ ಡ್ರೈವರುಗಳು ಇದನ್ನು ಎಷ್ಟು ಚೆನ್ನಾಗಿ ಪಾಲಿಸುತ್ತಾರೆ ಅಂದರೆ ನೋಡಿ ಕಲಿಯಬೇಕು.

ಕಲ್ಪಾದಲ್ಲಿ ಎರಡು ರಾತ್ರಿ ಕೊಟ್ಟದ್ದು ಎತ್ತರಕ್ಕೆ ಒಗ್ಗಿಕೊಳ್ಳಲು ಅಂತ. ಆದರೆ ಆ ಊರಿಗೆ ನೆಪವೇ ಬೇಡ. ಸೇಬಿನ ತೋಟಗಳ ಆಚೆ, ಕಣಿವೆಯ ಎದುರು ದಂಡೆಯಲ್ಲಿ ಕಿನ್ನರ ಕೈಲಾಸದ ಸಾಲು ನೇರ ಕಣ್ಣೆದುರು ನಿಲ್ಲುತ್ತದೆ. ಬೆಳಗ್ಗೆ ಐದಕ್ಕೆ ಎದ್ದು ಹೊರಗೆ ಕೂತರೆ ತಿಂಡಿ ಹೊತ್ತಿನ ತನಕ ಏಳಲು ಮನಸ್ಸು ಬರುವುದಿಲ್ಲ.

ಕಲ್ಪಾ ಬಿಡುವಾಗ ಕೆಳಗಿನ ಪೋವಾರಿಯಲ್ಲಿ ಪೆಟ್ರೋಲ್ ಪೂರ್ತಿ ತುಂಬಿಸಿಕೊಳ್ಳಿ. ಆಮೇಲೆ ನಾನು ನಂಬಿಕೊಂಡದ್ದು ಕಾಜಾದ ಪಂಪನ್ನು ಮಾತ್ರ. ನಡುವೆ ಸುಮಾರು 200 ಕಿಲೋಮೀಟರ್. ಜೊತೆಗೆ ಕ್ಯಾನಿನಲ್ಲಿ ಒಂದಿಷ್ಟು ಇಟ್ಟುಕೊಂಡಿದ್ದೆ. ಕಾಜಾ ಮುಟ್ಟಲು ಅದು ಬೇಕಾಗಲಿಲ್ಲ, ಆದರೆ ಅದರಿಂದ ಮನಸ್ಸು ನಿರಾಳವಾಗಿತ್ತು.

ಪೂಹ್ ದಾಟುತ್ತಿದ್ದಂತೆ ಹಸಿರು ಮುಗಿಯುತ್ತದೆ. ಮಳೆಗಾಲದ ಮೋಡ ಇಲ್ಲಿಗೆ ಅಷ್ಟಾಗಿ ಬರುವುದಿಲ್ಲ, ಹಿಂದಿನ ಬೆಟ್ಟಗಳೇ ತಡೆದುಬಿಡುತ್ತವೆ. ಖಾಬ್‌ನಲ್ಲಿ ಸ್ಪಿತಿ ನದಿ ಬಂದು ಸಟ್ಲೆಜ್ ಸೇರುತ್ತದೆ. ಸೇತುವೆ ದಾಟಿದ ಮೇಲೆ ಕಾ ಲೂಪ್ಸ್ ಅನ್ನುವ ಹೇರ್‌ಪಿನ್ ತಿರುವುಗಳು ನಾಕೋ ಕಡೆಗೆ ಏರುತ್ತವೆ. ಒಂದು ಕಡೆ ಬೈಕ್ ನಿಲ್ಲಿಸಿ ಕೆಳಗೆ ನೋಡಿದೆ. ನಾನು ಬಂದ ರಸ್ತೆ ಮಡಿಕೆ ಮಡಿಕೆಯಾಗಿ ಬಿದ್ದಿತ್ತು, ಅದರ ಕೆಳಗೆ ಬೂದು ಬಣ್ಣದ ನೀರು. ನಾಕೋ ಮೇಲೆ ರಿಯೋ ಪುರ್ಗಿಲ್, 6,816 ಮೀಟರ್, ಹಿಮಾಚಲದ ಅತಿ ಎತ್ತರದ ಶಿಖರ.

ಸುಮ್ದೋ ಚೆಕ್‌ಪೋಸ್ಟಿನಲ್ಲಿ ಗುರುತಿನ ಚೀಟಿ ತೋರಿಸಿ ಮುಂದೆ ಹೋದೆ. ನಮಗೆ ಪರ್ಮಿಟ್ ಬೇಡ. ವಿದೇಶಿಯರಿಗೆ ಮಾತ್ರ ಕಲ್ಪಾದ ಕೆಳಗಿನ ಊರು ರೆಕಾಂಗ್ ಪಿಯೋದಿಂದ ಮುಂದಕ್ಕೆ ಇನ್ನರ್ ಲೈನ್ ಪರ್ಮಿಟ್, ಅಂದರೆ ಗಡಿ ಪ್ರದೇಶಕ್ಕೆ ಹೋಗುವ ಅನುಮತಿ ಬೇಕು.

ತಾಬೋದಲ್ಲಿ ಬೇಗ ಹೊರಡಬೇಡಿ. ಅಲ್ಲಿನ ಬೌದ್ಧ ಮಠ ಕ್ರಿ.ಶ. 996ರದ್ದು. ಹೊರಗಿನಿಂದ ನೋಡಿದರೆ ಮಣ್ಣಿನ ಗೋಡೆಗಳು, ಅಷ್ಟೇ. ನಾನೂ ಶೂ ಬಿಚ್ಚಿ ಒಳಗೆ ಹೋದಾಗ ಮೊದಲು ಏನೂ ಕಾಣಲಿಲ್ಲ. ಕಣ್ಣು ಕತ್ತಲೆಗೆ ಹೊಂದಿಕೊಂಡಂತೆ ಗೋಡೆಯಿಂದ ಒಂದೊಂದೇ ಮೂರ್ತಿ ಹೊರಗೆ ಬಂತು. ತಲೆಗಿಂತ ಮೇಲೆ, ಗೋಡೆಗೆ ಬೆನ್ನು ಕೊಟ್ಟು ಸುತ್ತಲೂ ಕೂತಿವೆ. ಮಣ್ಣಿನಿಂದ ಮಾಡಿ ಬಣ್ಣ ಹಚ್ಚಿದ ಮೂರ್ತಿಗಳು. ಅವುಗಳ ಕೆಳಗೆ ಸಾಲು ಸಾಲು ಚಿತ್ರ. ಒಳಗೆ ಫೋಟೊ ತೆಗೆಯುವಂತಿಲ್ಲ. ಅದು ಒಳ್ಳೆಯದೇ ಆಯಿತು, ನಿಂತು ನೋಡಿದೆ. 1975ರ ಜನವರಿಯ ಭೂಕಂಪದಲ್ಲಿ ಈ ಮಠಕ್ಕೂ ಪೆಟ್ಟು ಬಿತ್ತು. ಅಷ್ಟಾದರೂ ಸಾವಿರ ವರ್ಷದ ಮಣ್ಣು ಇನ್ನೂ ನಿಂತಿದೆ.

ಕಾಜಾದಲ್ಲಿ ಪೆಟ್ರೋಲ್, ಎಟಿಎಂ, ಸರ್ಕಾರಿ ಆಸ್ಪತ್ರೆ, ಮೆಕ್ಯಾನಿಕ್ ಎಲ್ಲ ಇವೆ. ನಗದು ಮಾತ್ರ ಮೊದಲೇ ಇಟ್ಟುಕೊಂಡಿರಿ. ನಾನು ಅಲ್ಲೇ ರೂಮು ಮಾಡಿ ದಿನಾ ಹಗಲು ಮೇಲಿನ ಹಳ್ಳಿಗಳಿಗೆ ಹೋಗಿ ಸಂಜೆ ಕೆಳಗೆ ಬರುತ್ತಿದ್ದೆ. ಮೇಲೆ ಹೋಗಿ ಕೆಳಗೆ ಮಲಗು ಅನ್ನುವ ಲೆಕ್ಕಕ್ಕೆ ಕಾಜಾದಷ್ಟು ಒಳ್ಳೆಯ ಜಾಗ ಇಲ್ಲ. ಒಂದು ಕಡೆ ಕೀ ಮಠ, 4,166 ಮೀಟರ್. ಅದೇ ದಾರಿಯಲ್ಲಿ ಕಿಬ್ಬರ್, ಮುಂದೆ ಆಳವಾದ ಕಮರಿಯ ಮೇಲೆ ಚಿಚಮ್ ಸೇತುವೆ. ಇನ್ನೊಂದು ಕಡೆ ಲಂಗ್ಜಾ, ಹಿಕ್ಕಿಮ್, ಕೋಮಿಕ್. ಹಿಕ್ಕಿಮ್‌ನಲ್ಲಿ ಸುಮಾರು 4,400 ಮೀಟರ್ ಎತ್ತರದಲ್ಲಿ ಒಂದು ಅಂಚೆ ಕಚೇರಿ ಇದೆ, 1983ರಲ್ಲಿ ಶುರುವಾದದ್ದು. ಮನೆಗೊಂದು ಕಾರ್ಡ್ ಹಾಕದೆ ಬರಬೇಡಿ. ಲಂಗ್ಜಾದಲ್ಲಿ ಮಕ್ಕಳು ಕಲ್ಲಾದ ಕಡಲಜೀವಿಗಳನ್ನು ತಂದು ತೋರಿಸುತ್ತಾರೆ. ಕೋಟ್ಯಂತರ ವರ್ಷಗಳ ಹಿಂದೆ ಇದೆಲ್ಲ ಟೆಥಿಸ್ ಸಮುದ್ರದ ತಳ. ನೋಡಿ, ಮುಟ್ಟಿ, ವಾಪಸ್ ಕೊಡಿ. ಕೊಂಡುಕೊಂಡರೆ ನಾಳೆ ಇನ್ನಷ್ಟು ಅಗೆಯುತ್ತಾರೆ.

ಕೋಮಿಕ್ ಏರಿನಲ್ಲಿ ಬೈಕಿನ ಶಕ್ತಿ ಕುಗ್ಗಿದ್ದು ಚೆನ್ನಾಗಿ ಗೊತ್ತಾಗುತ್ತದೆ. 4,500 ಮೀಟರಿನಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದ ಶೇ 60ರ ಆಸುಪಾಸು. ಎಂಜಿನ್ನಿಗೂ ಅಷ್ಟೇ ಗಾಳಿ. ಫ್ಯೂಯಲ್ ಇಂಜೆಕ್ಷನ್ ಬೈಕ್ ಪೆಟ್ರೋಲನ್ನು ತಾನೇ ಕಡಿಮೆ ಮಾಡಿಕೊಳ್ಳುತ್ತದೆ. ಕಾರ್ಬ್ಯುರೇಟರ್ ಬೈಕಿನಲ್ಲಿ ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಜಾಸ್ತಿಯಾಗಿ ಕಪ್ಪು ಹೊಗೆ ಬರುತ್ತದೆ, ಎಳೆಯುವುದಿಲ್ಲ. ಎರಡಕ್ಕೂ ಮದ್ದು ಒಂದೇ: ಮೊದಲೇ ಕೆಳಗಿನ ಗೇರಿಗೆ ಬನ್ನಿ. ಹಾಫ್ ಕ್ಲಚ್ ಹಿಡಿದು ಎಳೆದರೆ ಕ್ಲಚ್ ಪ್ಲೇಟ್ ಸುಡುತ್ತದೆ, ಅದನ್ನು ಅಲ್ಲಿ ಹಾಕಿಸುವುದು ದೊಡ್ಡ ಕಷ್ಟ. ಕ್ಲಚ್ ಕೇಬಲ್, ಆಕ್ಸಿಲರೇಟರ್ ಕೇಬಲ್, ಬ್ರೇಕ್ ಮತ್ತು ಕ್ಲಚ್ ಲಿವರ್, ಟ್ಯೂಬು, ಪಂಕ್ಚರ್ ಕಿಟ್, ಕಾಲಿನ ಪಂಪು ನನ್ನ ಹತ್ತಿರ ಇದ್ದವು. ದೊಡ್ಡ ಬೈಕೇ ಬೇಕು ಅಂತೇನಿಲ್ಲ. ಹಳ್ಳಿಯವರು ಸಣ್ಣ ಬೈಕಿನಲ್ಲಿ ಇಬ್ಬರು ಕೂತು ಇದೇ ಏರು ಹತ್ತುತ್ತಾರೆ.

ಹೋಮ್‌ಸ್ಟೇಯಲ್ಲಿ ಮನಾಲಿ ಕಡೆಯಿಂದ ಒಂದೇ ದಿನದಲ್ಲಿ ಬಂದ ಹುಡುಗರು ಸಿಕ್ಕಿದ್ದರು. ಒಬ್ಬನಿಗೆ ತಲೆ ಎತ್ತಲು ಆಗದಷ್ಟು ನೋವು, ತಿಂದದ್ದು ನಿಲ್ಲುತ್ತಿರಲಿಲ್ಲ. ಮನೆಯ ಯಜಮಾನಿ ಅವನಿಗೆ ಬಿಸಿ ಸೂಪು ಕೊಟ್ಟು, ‘ಬೇಟಾ, ಇವತ್ತು ಗಾಡಿ ಮುಟ್ಟಬೇಡ’ ಅಂದರು. ಸರಿಯಾದ ಮಾತು. ತಲೆನೋವು, ವಾಕರಿಕೆ ಇದ್ದರೆ ಇನ್ನೂ ಮೇಲೆ ಹೋಗಲೇಬಾರದು. ನಡೆಯುವಾಗ ತೂರಾಡಿದರೆ, ಸುಮ್ಮನೆ ಕೂತಾಗಲೂ ಏದುಸಿರು ಬಂದರೆ ಕಾಯಬೇಡಿ. ತಕ್ಷಣ ಕೆಳಗೆ ಇಳಿಸಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಎತ್ತರದ ಕಾಯಿಲೆಗೆ ಡೈಮಾಕ್ಸ್ ಮಾತ್ರೆ ಅಂತ ಎಲ್ಲರೂ ಹೇಳುತ್ತಾರೆ. ಹೊರಡುವ ಮೊದಲೇ ನಿಮ್ಮ ಡಾಕ್ಟರನ್ನು ಕೇಳಿ, ಸಲ್ಫಾ ಅಲರ್ಜಿ ಇದ್ದರೆ ಹೇಳಿ.

ಬೈಕ್ ಇಲ್ಲದವರು ಬೇಜಾರು ಮಾಡಿಕೊಳ್ಳಬೇಕಿಲ್ಲ. ಶಿಮ್ಲಾದಿಂದ ರೆಕಾಂಗ್ ಪಿಯೋಗೆ ಸರ್ಕಾರಿ ಬಸ್ಸಿದೆ, ಪಿಯೋದಿಂದ ಕಾಜಾಗೆ ಬೆಳಗ್ಗೆ ಬಸ್ಸಿದೆ. ಸೀಟಿಗೆ ಬೇಗ ಹೋಗಿ ನಿಲ್ಲಬೇಕು. ಲಂಗ್ಜಾದಿಂದ ಹಿಕ್ಕಿಮ್, ಕೋಮಿಕ್ ಕಡೆಗೆ ನಡೆದುಕೊಂಡೇ ಹೋಗುವವರನ್ನು ನೋಡಿ ನನಗೆ ಆಸೆಯಾಯಿತು. ಬೈಕಿನಲ್ಲಿ ಆ ಹಸಿರು ಬಟಾಣಿ ಹೊಲಗಳು ಬೇಗ ಮುಗಿದುಹೋಗುತ್ತವೆ.

ಕಾಜಾದಿಂದ ಲೋಸರ್ ಮೂಲಕ ಕುಂಜುಮ್ ಏರಿ, ಚಂದ್ರತಾಲ್ ಕೆರೆಯ ಹತ್ತಿರ ಟೆಂಟಿನಲ್ಲಿ ಒಂದು ರಾತ್ರಿ. ಸುಮಾರು 4,250 ಮೀಟರ್. ಅಷ್ಟು ಹೊತ್ತಿಗೆ ಮೈ ಒಗ್ಗಿದ್ದರಿಂದ ಚೆನ್ನಾಗಿ ನಿದ್ದೆ ಬಂತು. ಮನಾಲಿಯಿಂದ ನೇರ ಇಲ್ಲಿಗೆ ಬಂದು ಮಲಗುವವರು ಪಡುವ ಕಷ್ಟ ಟೆಂಟಿನವರನ್ನು ಕೇಳಿದರೆ ಗೊತ್ತಾಗುತ್ತದೆ. ಕೆರೆಯ ದಂಡೆಯಲ್ಲಿ ಟೆಂಟ್ ಹಾಕುವಂತಿಲ್ಲ, ದೂರದಲ್ಲಿ ಹಾಕಿರುತ್ತಾರೆ. ಗಾಡಿ ನಿಲ್ಲಿಸಿ ನಡೆದೇ ಹೋಗಬೇಕು. 2005ರಿಂದ ಇದು ಮಹತ್ವದ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ಪಟ್ಟಿಯಾದ ರಾಮ್ಸಾರ್ ಪಟ್ಟಿಯಲ್ಲಿರುವ ಕೆರೆ.

ಇಡೀ ದಾರಿಯಲ್ಲಿ ನಿಜವಾಗಿ ಕಷ್ಟದ ಭಾಗ ಬಾತಲ್‌ನಿಂದ ಗ್ರಾಂಫು ತನಕದ 50 ಕಿಲೋಮೀಟರಿನಷ್ಟು ದಾರಿ. ರಸ್ತೆ ಅನ್ನುವುದಕ್ಕಿಂತ ಕಲ್ಲು. ಅಡ್ಡಲಾಗಿ ಹರಿಯುವ ಹಳ್ಳಗಳು. ಮೇಲಿನ ಹಿಮ ಬಿಸಿಲಿಗೆ ಕರಗಿ ಬರುವ ನೀರು ಅದು. ಬೆಳಗ್ಗೆ ಮೊಣಕಾಲಿನ ಕೆಳಗಿದ್ದದ್ದು ಮಧ್ಯಾಹ್ನ ಬೈಕನ್ನೇ ತಳ್ಳುತ್ತದೆ. ಅದಕ್ಕೇ ಆರು ಗಂಟೆಗೇ ಹೊರಟೆ. ಪ್ರತಿ ಹಳ್ಳದ ಮುಂದೆ ಇಳಿದು ನಿಂತು ನೋಡುತ್ತಿದ್ದೆ. ನೀರು ಬಿಳಿಯಾಗಿ ಕುದಿಯುವಲ್ಲಿ ಕಲ್ಲು ಮೇಲೆಯೇ ಇದೆ. ನುಣುಪಾಗಿ, ಕಪ್ಪಾಗಿ ಹರಿಯುವಲ್ಲಿ ಆಳ ಇದೆ. ಅಗಲವಾಗಿ ಹರಡಿಕೊಂಡು, ಸಣ್ಣ ಅಲೆ ಏಳುವ ಜಾಗವೇ ದಾಟಲು ಸರಿ. ಮುಂದಿನ ಗಾಡಿಯ ಚಕ್ರ ಎಷ್ಟು ಮುಳುಗಿತು ನೋಡಿ. ಮೊದಲ ಗೇರು, ಆಕ್ಸಿಲರೇಟರ್ ಒಂದೇ ಸಮ, ಕಣ್ಣು ಎದುರು ದಂಡೆಯ ಮೇಲೆ. ನೀರಿನ ನಡುವೆ ಗೇರ್ ಬದಲಿಸಬೇಡಿ, ಆಕ್ಸಿಲರೇಟರ್ ಬಿಡಬೇಡಿ. ಎಂಜಿನ್ ನೀರಿನಲ್ಲಿ ಮುಳುಗಿ ಆಫ್ ಆದರೆ ಸ್ಟಾರ್ಟ್ ಬಟನ್ ಒತ್ತಬೇಡಿ, ಮೊದಲು ದಂಡೆಗೆ ತಳ್ಳಿ. ಒಬ್ಬರೇ ಇದ್ದರೆ ಇನ್ನೊಂದು ಗಾಡಿ ಬರುವ ತನಕ ಕಾಯಿರಿ. ನಾನು ಒಂದು ಕಡೆ ಅರ್ಧ ಗಂಟೆಗೂ ಜಾಸ್ತಿ ಕಾದೆ. ಆಮೇಲೆ ಬಂದ ಟ್ರಕ್ಕಿನ ಕ್ಲೀನರ್ ಹುಡುಗ ಕೇಳದೆಯೇ ಇಳಿದು, ಪ್ಯಾಂಟು ಮಡಚಿ, ಕೆಳಭಾಗದಲ್ಲಿ ನಿಂತು ಬೈಕಿನ ಹಿಂಬದಿ ಹಿಡಿದುಕೊಂಡ.

ತಿಂಗಳು ಯಾವುದು ಅಂತ ಕೇಳಿದರೆ ನನ್ನ ಉತ್ತರ ಸೆಪ್ಟೆಂಬರ್. ಜುಲೈ-ಆಗಸ್ಟ್‌ನಲ್ಲಿ ಕೆಳ ಕಿನ್ನೌರ್‌ನಲ್ಲಿ ಮಳೆ, ಗುಡ್ಡ ಕುಸಿತ. ಜೂನ್‌ನಲ್ಲಿ ಕುಂಜುಮ್ ಯಾವಾಗ ತೆರೆಯುತ್ತದೆ ಅನ್ನುವುದು ಹಿಮದ ಮೇಲೆ. ಸೆಪ್ಟೆಂಬರಿಗೆ ಹಳ್ಳಗಳ ನೀರೂ ಇಳಿದಿರುತ್ತದೆ, ಕಿನ್ನೌರ್‌ನಲ್ಲಿ ಸೇಬೂ ಹಣ್ಣಾಗಿರುತ್ತವೆ.

ಗ್ರಾಂಫು ದಾಟಿ ಕೋಕ್ಸರ್ ಕಡೆ ತಿರುಗಿದರೆ ಡಾಂಬರು ಸಿಗುತ್ತದೆ. ಅಲ್ಲಿಂದ ಅಟಲ್ ಸುರಂಗ, 9.02 ಕಿಲೋಮೀಟರ್, 2020ರ ಅಕ್ಟೋಬರ್‌ನಲ್ಲಿ ಶುರುವಾದದ್ದು. ಇದಕ್ಕೆ ಪರ್ಮಿಟ್ ಬೇಡ, ರೋಹ್ತಾಂಗ್ ಪಾಸ್ ಮೇಲೆ ಹೋಗುವುದಾದರೆ ಬೇಕು. ಸುರಂಗದ ಒಳಗೆ ನಿಲ್ಲಿಸುವಂತಿಲ್ಲ. ಮನಾಲಿ ಮುಟ್ಟಿದ ಮೇಲೆ ರೂಮು ಹುಡುಕುವ ಮೊದಲು ಬೈಕನ್ನು ಮೆಕ್ಯಾನಿಕ್ ಹತ್ತಿರ ಬಿಡಿ. ಚೈನ್ ತೊಳೆಸಿ ಎಣ್ಣೆ ಹಾಕಿಸಿ, ಏರ್ ಫಿಲ್ಟರ್ ತೆಗೆಸಿ ನೋಡಿ, ಸ್ಪೋಕ್ ಮತ್ತು ಬ್ರೇಕ್ ಪ್ಯಾಡ್ ಪರೀಕ್ಷೆ ಮಾಡಿಸಿ. ನನ್ನ ಹಿಂದಿನ ಪ್ಯಾಡ್ ಪೂರ್ತಿ ಸವೆದಿತ್ತು, ಅಲ್ಲೇ ಬದಲಿಸಿಕೊಂಡು ಚಂಡೀಗಢಕ್ಕೆ ಹೊರಟೆ.