ಆಟಿ ಮಳೆಗೆ ಬೈಕ್ ಬ್ಯಾಟರಿ ಇಳಿಯುತ್ತಿದೆಯೇ? ಮೊದಲು ಮೀಟರ್ ಹಿಡಿಯಿರಿ

ಸೆಲ್ಫ್ ಒತ್ತಿದರೆ ಬರೀ ಟಿಕ್ ಟಿಕ್ ಸದ್ದು, ಹಾರ್ನ್ ಕ್ಷೀಣ, ಇಂಡಿಕೇಟರ್ ಮಂಕು. ಮಂಜೇಶ್ವರ, ಕುಂಬಳೆ, ಕಾಸರಗೋಡು ಕಡೆ ಕಡಲ ಗಾಳಿಗೂ ಮಳೆಗೂ ಮೈಯೊಡ್ಡಿ ಓಡುವ ಬೈಕುಗಳಲ್ಲಿ ಮಳೆಗಾಲದ ನಡುವಿಗೆ ಇದು ಮಾಮೂಲು. ಹೆಚ್ಚಿನವರು ನೇರ ಹೋಗಿ ಹೊಸ ಬ್ಯಾಟರಿ ಹಾಕಿಸುತ್ತಾರೆ. ತೊಂದರೆ ಚಾರ್ಜಿಂಗಿನಲ್ಲೇ ಇದ್ದರೆ ಅದೂ ಕೆಲವೇ ದಿನಗಳಲ್ಲಿ ಮಲಗುತ್ತದೆ. ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಸಾಕು, ಆದರೆ ಅಳೆಯುವ ಕ್ರಮ ತಪ್ಪಬಾರದು.

ರಾತ್ರಿಯಿಡೀ ನಿಂತ ಬೈಕಿನ ಬ್ಯಾಟರಿಯನ್ನು ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲೇ ಅಳೆಯಿರಿ. 12.6 ವೋಲ್ಟ್ ಮೇಲಿದ್ದರೆ ತುಂಬಿದೆ, 12.2ರ ಆಸುಪಾಸು ಎಂದರೆ ಅರ್ಧ. 12ಕ್ಕಿಂತ ಕೆಳಗಿದ್ದರೆ ಹೊರಗಿನ ಚಾರ್ಜರಿನಲ್ಲಿ ತುಂಬಿಸಿಯೇ ಮುಂದಿನ ಪರೀಕ್ಷೆ. 9 ಆಂಪಿಯರ್-ಅವರ್ ಬ್ಯಾಟರಿಗೆ 0.9 ಆಂಪಿಯರ್ ಕರೆಂಟ್ ಸಾಕು, ಕಾರಿನ ಚಾರ್ಜರ್ ಬೇಡ. ತುಂಬಿದ ಮೇಲೂ ಸೆಲ್ಫ್ ಒತ್ತಿದಾಗ ವೋಲ್ಟೇಜ್ 9.5ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿಯೇ ಮುಗಿದಿದೆ ಎಂದು ತಿಳಿಯಿರಿ.

ಇನ್ನು ಇಂಜಿನ್ ಬಿಸಿಯಾದ ಮೇಲೆ, ಹೆಡ್‌ಲೈಟ್ ಉರಿಯುತ್ತಿರುವಾಗ, 4000ದಿಂದ 5000 ಆರ್‌ಪಿಎಮ್‌ನಲ್ಲಿ ಬ್ಯಾಟರಿ ಟರ್ಮಿನಲ್‌ಗಳಲ್ಲೇ ಅಳೆಯಿರಿ. ಹೆಚ್ಚಿನ ಬೈಕುಗಳಲ್ಲಿ 13.8ರಿಂದ 14.6 ವೋಲ್ಟ್ ಬರಬೇಕು. 15 ದಾಟಿದರೆ ಆರ್‌ಆರ್ ಯೂನಿಟ್ಟಿನ (ರೆಗ್ಯುಲೇಟರ್-ರೆಕ್ಟಿಫೈಯರ್, ಕಾಯಿಲಿನಿಂದ ಬರುವ ಎಸಿಯನ್ನು ಡಿಸಿ ಮಾಡಿ ವೋಲ್ಟೇಜನ್ನು ಮಿತಿಯಲ್ಲಿಡುವ ಭಾಗ) ರೆಗ್ಯುಲೇಟರ್ ಕೆಲಸ ಬಿಟ್ಟಿರುವ ಸಂಭವ ಹೆಚ್ಚು. ಬ್ಯಾಟರಿ ಕುದಿಯುತ್ತದೆ, ಬಲ್ಬುಗಳು ಸುಡುತ್ತವೆ. 13ನ್ನೂ ಮುಟ್ಟದಿದ್ದರೆ ಚಾರ್ಜ್ ಆಗುತ್ತಿಲ್ಲ. ಈ ಪರೀಕ್ಷೆಯ ನಡುವೆ ಬ್ಯಾಟರಿ ವೈರ್ ಕಳಚಿ ನೋಡುವ ಹಳೇ ಅಭ್ಯಾಸವಿದೆ. ಇಸಿಯು (ಇಂಜಿನ್ ನಿಯಂತ್ರಿಸುವ ಪುಟ್ಟ ಕಂಪ್ಯೂಟರ್) ಇರುವ ಬೈಕಿನಲ್ಲಿ ಅದು ದುಬಾರಿ ಬೀಳುತ್ತದೆ.

ಚಾರ್ಜ್ ಆಗುತ್ತಿಲ್ಲವೆಂದು ಕಂಡ ಕೂಡಲೇ ಕಾಯಿಲ್ (ಇಂಜಿನ್ ತಿರುಗಿದಾಗ ಕರೆಂಟ್ ಹುಟ್ಟಿಸುವ ಸ್ಟೇಟರ್) ಬಿಚ್ಚಬೇಡಿ. ನಮ್ಮ ಕಡೆ ಮೊದಲು ಸಂಶಯಪಡಬೇಕಾದದ್ದು ವೈರುಗಳನ್ನು ಜೋಡಿಸುವ ಪ್ಲಗ್‌ಗಳಾದ ಕಪ್ಲರುಗಳನ್ನು. ಉಪ್ಪು ಗಾಳಿಗೆ ಟರ್ಮಿನಲ್ ಹಸಿರುಗಟ್ಟುತ್ತದೆ, ರೆಸಿಸ್ಟೆನ್ಸ್ ಏರುತ್ತದೆ, ಕರೆಂಟ್ ಹರಿದಾಗ ಅಲ್ಲೇ ಬಿಸಿಯಾಗಿ ಪ್ಲಾಸ್ಟಿಕ್ ಕಂದಾಗುತ್ತದೆ. ಕಣ್ಣಿಗೆ ಚೆನ್ನಾಗಿ ಕಂಡರೂ ನಂಬಬೇಡಿ. ಇಂಜಿನ್ ಅದೇ ವೇಗದಲ್ಲಿ ಓಡುತ್ತಿರುವಾಗ ಮೀಟರಿನ ಒಂದು ಪ್ರೋಬ್ ಆರ್‌ಆರ್ ಯೂನಿಟ್ಟಿನ ಪಾಸಿಟಿವ್ ವೈರಿಗೆ, ಇನ್ನೊಂದು ಬ್ಯಾಟರಿ ಪಾಸಿಟಿವ್‌ಗೆ ಹಿಡಿಯಿರಿ. 0.3 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ನಡುವೆ ಎಲ್ಲೋ ಕಪ್ಲರ್, ಫ್ಯೂಸ್ ಹೋಲ್ಡರ್ ಅಥವಾ ವೈರ್ ಕೆಟ್ಟಿದೆ. ನೆಗೆಟಿವ್ ಕಡೆಯೂ ಹೀಗೆಯೇ ನೋಡಬೇಕು. ಚಾಸಿಸ್ಸಿಗೆ ಬೋಲ್ಟ್ ಮಾಡಿದ ಅರ್ತ್ ಜಾಗ ತುಕ್ಕು ಹಿಡಿದಿದ್ದರೆ ಕೆರೆದು ಬಿಗಿಯಿರಿ.

ವೈರಿಂಗ್ ಸರಿಯಿದ್ದರೆ ಇಂಜಿನ್ ಆಫ್ ಮಾಡಿ ಸ್ಟೇಟರ್ ಕಾಯಿಲಿನ ಕಪ್ಲರ್ ಕಳಚಿ. ತ್ರೀ-ಫೇಸ್ ಆದರೆ ಸಾಮಾನ್ಯವಾಗಿ ಮೂರು ಹಳದಿ ವೈರುಗಳಿರುತ್ತವೆ. ಎರಡೆರಡರ ನಡುವೆ ಮೂರು ಬಾರಿ ಅಳೆಯಿರಿ: ಮೂರೂ ಒಂದೇ ಸಮ, ಬಹುತೇಕ 1 ಓಮ್‌ಗಿಂತ ಕಡಿಮೆ ಇರಬೇಕು (ಪ್ರೋಬುಗಳನ್ನು ತಾಗಿಸಿದಾಗ ಬರುವ ಸಂಖ್ಯೆಯನ್ನು ಕಳೆಯಿರಿ). ಯಾವ ಹಳದಿ ವೈರಿಗೂ ಇಂಜಿನ್ ಬಾಡಿಗೂ ಸಂಪರ್ಕ ಇರಬಾರದು. ಕಾಯಿಲಿನ ಒಂದು ತುದಿಯನ್ನೇ ಅರ್ತ್ ಮಾಡಿರುವ ಹಳೇ ಸಣ್ಣ ಬೈಕುಗಳಿಗೆ ಈ ನಿಯಮ ಹೊಂದುವುದಿಲ್ಲ, ವೈರಿಂಗ್ ಡಯಾಗ್ರಾಮ್ ನೋಡಿಕೊಳ್ಳಿ. ಕೊನೆಗೆ ಕಪ್ಲರ್ ಕಳಚಿದ ಹಾಗೆಯೇ ಸ್ಟಾರ್ಟ್ ಮಾಡಿ, ಮೀಟರನ್ನು ಎಸಿ 200 ವೋಲ್ಟಿಗೆ ಇಟ್ಟು 5000 ಆರ್‌ಪಿಎಮ್‌ನಲ್ಲಿ ಅಳೆಯಿರಿ. ಬೇಕಾದ ಅಂಕಿ ಮ್ಯಾನ್ಯುಯಲ್‌ನಲ್ಲಿರುತ್ತದೆ, ತ್ರೀ-ಫೇಸ್‌ನಲ್ಲಿ 50 ವೋಲ್ಟ್ ದಾಟುವುದು ಸಾಮಾನ್ಯ. ಮೂರರಲ್ಲಿ ಒಂದು ಕಡಿಮೆ ಬಂದರೂ ಕಾಯಿಲ್ ಸುಟ್ಟಿದೆ. ಶಾಕ್ ಹೊಡೆಯುತ್ತದೆ, ಬರಿಗೈಯಲ್ಲಿ ತುದಿ ಮುಟ್ಟಬೇಡಿ.

ಕಾಯಿಲೂ ವೈರಿಂಗೂ ಸರಿ, ಆದರೂ ಚಾರ್ಜ್ ಇಲ್ಲ ಎಂದರೆ ಉಳಿದದ್ದು ಆರ್‌ಆರ್ ಯೂನಿಟ್. ಡಯೋಡ್ ಟೆಸ್ಟಿನಲ್ಲಿ ಪಾಸಾದರೂ ಬಿಸಿಯಾದಾಗ ಕೈಕೊಡುವವು ಇರುತ್ತವೆ.

ಎಲ್ಲವೂ ಸರಿಯಿದ್ದು ನಿಂತಲ್ಲೇ ಬ್ಯಾಟರಿ ಇಳಿಯುತ್ತಿದ್ದರೆ ಕೀ ಆಫ್ ಮಾಡಿ, ನೆಗೆಟಿವ್ ವೈರ್ ಕಳಚಿ, ನಡುವೆ ಮೀಟರನ್ನು ಮಿಲಿಆಂಪಿಯರ್‌ನಲ್ಲಿ ಸೇರಿಸಿ. ಹತ್ತಾರು ಮಿಲಿಆಂಪಿಯರ್ ಹರಿಯುತ್ತಿದ್ದರೆ ಬ್ಯಾಟರಿಗೆ ನೇರ ಕೊಟ್ಟ ಮೊಬೈಲ್ ಚಾರ್ಜರ್, ಅಲಾರ್ಮ್ ಮೊದಲು ತೆಗೆದು ನೋಡಿ.

ಪಾರ್ಟ್ಸ್ ಕೊಳ್ಳುವಾಗ ಕಪ್ಲರ್ ಹೊಂದಿತೆಂದು ಆರ್‌ಆರ್ ಯೂನಿಟ್ ತರಬೇಡಿ. ಸಿಂಗಲ್-ಫೇಸೋ ತ್ರೀ-ಫೇಸೋ, ಎಷ್ಟು ಆಂಪಿಯರಿನದು, ವೈರುಗಳ ಸ್ಥಾನ ಯಾವುದು ಎಂದು ಹಳೆಯದರ ಪಾರ್ಟ್ ನಂಬರ್ ಹೊಂದಿಸಿ ತನ್ನಿ. ಶಂಟ್ ಮಾದರಿಯದು ಬೇಡದ ಕರೆಂಟನ್ನು ಕಾಯಿಲಿಗೇ ಶಾರ್ಟ್ ಮಾಡಿ ತಿರುಗಿಸುವುದರಿಂದ, ಹೆಡ್‌ಲೈಟಿಗೆ ಎಲ್‌ಇಡಿ ಹಾಕಿದರೂ ಕಾಯಿಲ್ ತಣ್ಣಗಾಗುವುದಿಲ್ಲ. ಪದೇ ಪದೇ ಕಾಯಿಲ್ ಸುಡುವ ತ್ರೀ-ಫೇಸ್ ಬೈಕಿಗೆ ಬೇಡದ ಕರೆಂಟನ್ನು ಶಾರ್ಟ್ ಮಾಡದೆ ತಡೆಹಿಡಿಯುವ ಸೀರೀಸ್ ಮಾದರಿ ಮೇಲು. 55 ವಾಟಿನ ಜೋಡಿ ಫಾಗ್ ಲ್ಯಾಂಪ್ 9 ಆಂಪಿಯರಿಗೂ ಹೆಚ್ಚು ಎಳೆಯುತ್ತದೆ. ಸಣ್ಣ ಬೈಕಿನ ಕಾಯಿಲ್ ಅದನ್ನು ತಾಳದು.

ರಿವೈಂಡಿಂಗ್ ಮಾಡಿಸುವುದಾದರೆ ಹಳೇ ತಂತಿಯ ಗೇಜ್, ಸುತ್ತುಗಳ ಲೆಕ್ಕ ಅಷ್ಟೇ ಇರಲಿ, 180 ಡಿಗ್ರಿ ತಾಳುವ ಎನಾಮೆಲ್ ತಂತಿಯನ್ನೇ ಕೇಳಿ. ಕವರ್ ಗ್ಯಾಸ್ಕೆಟ್ ಹೊಸದೇ ಬೇಕು. ಕರಗಿದ ಕಪ್ಲರನ್ನು ಉಜ್ಜಿ ಮತ್ತೆ ಬಳಸಬೇಡಿ. ಹೊಸ ಟರ್ಮಿನಲ್ ಕ್ರಿಂಪ್ ಮಾಡಿ, ಡೈಎಲೆಕ್ಟ್ರಿಕ್ ಗ್ರೀಸ್ ಹಚ್ಚಿ. ಆರ್‌ಆರ್ ಯೂನಿಟ್ಟಿನ ಬೆನ್ನು ಚಾಸಿಸ್ಸಿಗೆ ಪೂರ್ತಿ ತಾಗುವಂತೆ ಆ ಜಾಗದ ಕೆಸರು, ತುಕ್ಕು ಒರೆಸಿದ ಮೇಲೆಯೇ ಬೋಲ್ಟ್ ಬಿಗಿಯಿರಿ.